ನೀರುಗಂಟಿಗಳ ಸಭೆ

ಶಿಷ್ಯ ಕೇಳಿದ: "ಗುರುಗಳೇ, ಬಲ್ಲವರು ಒಂದೆಡೆ ಕೂತರೆ ಬಲ್ಲದ್ದು ಬೆಳೆಯಬೇಕಲ್ಲವೇ? ನಮ್ಮ ಮಠದಲ್ಲಿ ವಾರಕ್ಕೊಂದು ದಿನ ಎಲ್ಲರೂ ಸೇರುತ್ತೇವೆ. ಕೂರುವಾಗ ಎಷ್ಟು ತಿಳಿದಿತ್ತೋ ಏಳುವಾಗಲೂ ಅಷ್ಟೇ ತಿಳಿದಿರುತ್ತದೆ. ಯಾಕೆ ಹೀಗೆ?"

ಗುರುಗಳು ಅವನ ಮುಖವನ್ನು ನೋಡಿದರು. ಕೇಳಿದ ಪ್ರಶ್ನೆಯ ಹಿಂದೆ ಕೇಳದ ಪ್ರಶ್ನೆ ಇನ್ನೊಂದಿದೆ ಎಂದು ಅವರಿಗೆ ಅನ್ನಿಸಿತು. ಅದನ್ನು ಕೆದಕಲಿಲ್ಲ. ಕತೆ ಹೇಳಲು ತೊಡಗಿದರು.

ಒಂದು ಹೊಳೆ ಇತ್ತು. ಆ ಹೊಳೆಗೆ ಮೂರು ಕಡೆ ಅಡ್ಡಕಟ್ಟೆ ಹಾಕಿದ್ದರು. ಮೇಲಿನದೊಂದು, ನಡುವಿನದೊಂದು, ಕೆಳಗಿನದೊಂದು. ಕಟ್ಟೆಗೊಬ್ಬ ನೀರುಗಂಟಿ. ತೂಬು ತೆರೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವುದು, ಏರಿಯಲ್ಲಿ ಹೆಗ್ಗಣ ಬಿಲ ತೋಡಿದರೆ ಮುಚ್ಚುವುದು, ಎಲ್ಲ ಅವನ ಕೆಲಸ. ಊರಲ್ಲಿ ಗೌಡನ ಮಾತು ಮೀರಿದವರು ಇದ್ದಾರು, ನೀರುಗಂಟಿಯ ಮಾತು ಮೀರಿದವರಿಲ್ಲ. ಮೀರಿದವನ ಪೈರು ಹಳದಿಯಾಗುತ್ತದೆ.

ಹೊಳೆ ಒಂದೇ ಆದರೂ ಮೂವರಿಗೂ ಪರಸ್ಪರ ಹೋಗಿಬರುವ ಬಳಕೆ ಇರಲಿಲ್ಲ. ಕೆಳಗಿನ ಕಟ್ಟೆಯವರು ಗುದ್ದಲಿ ಹಿಡಿದು ಮೇಲಕ್ಕೆ ನಡೆದರೆ ನೀರು ಕದಿಯಲು ಬಂದರು ಎನ್ನುತ್ತಿದ್ದರು. ಮೇಲಿನವರು ಕೆಳಕ್ಕೆ ಬಂದರೆ ನಮ್ಮ ಗದ್ದೆ ಎಷ್ಟು ತುಂಬಿದೆ ಎಂದು ಅಳೆಯಲು ಬಂದರು ಎನ್ನುತ್ತಿದ್ದರು. ಹೀಗಾಗಿ ತನ್ನ ಕಟ್ಟೆಯ ಎರಡು ಕೂಗಳತೆಯಾಚೆ ಹೊಳೆ ಹೇಗಿದೆ ಎಂದು ಯಾರೂ ನೋಡಿದವರಲ್ಲ. ಅಪ್ಪ ಮಗನಿಗೆ ಗುದ್ದಲಿಯ ಜೊತೆ ಎರಡು ಮಾತು ಕೊಟ್ಟು ಸಾಯುತ್ತಿದ್ದ. ಒಂದು, ನೀರು ಬರುವ ಹೊತ್ತು ಯಾವುದು ಎಂಬುದು. ಇನ್ನೊಂದು, ಅದನ್ನು ಯಾರಿಗೂ ಹೇಳಬೇಡ ಎಂಬುದು.

ಕೆಳಗಿನ ಕಟ್ಟೆಯನ್ನು ಒಬ್ಬ ಹೆಂಗಸು ನೋಡಿಕೊಳ್ಳುತ್ತಿದ್ದಳು. ಹೆಸರು ಸಣ್ಣೀರಮ್ಮ. ಗಂಡ ಸತ್ತಮೇಲೆ ಗುದ್ದಲಿ ಅವಳ ಕೈಗೆ ಬಂದಿತ್ತು. ಮಿಕ್ಕ ಇಬ್ಬರ ಹೆಸರು ನನಗೆ ನೆನಪಿಲ್ಲ. ಅವರಿಗೂ ಅದೇ ಬೇಕಾಗಿದ್ದೀತು.

ಮೇಲಿನ ಕಟ್ಟೆಯೊಂದೇ ಗಾರೆ ಹಾಕಿ ಕಟ್ಟಿದ್ದು. ಇಟ್ಟಿಗೆಪುಡಿ ಕಲಸಿದ ಕೆಂಪು ಗಾರೆ. ಕೆಳಗಿನ ಎರಡೂ ಬರೀ ಕಲ್ಲು, ಮಣ್ಣು. ಒಂದು ಬೇಸಿಗೆಯಲ್ಲಿ ಸಣ್ಣೀರಮ್ಮನ ಗಂಡ ತೂಬಿನ ಬಾಯಿಗೆ ಕಟ್ಟಿದ ಹೂಳು ತೆಗೆಯುತ್ತಿದ್ದಾಗ ಅವನ ಕೈಗೆ ಅಡಿಕೆಯಷ್ಟು ಗಾತ್ರದ ಕೆಂಪು ಗಾರೆ ಸಿಕ್ಕಿತು. ಇದು ಬಂದದ್ದು ಎಲ್ಲಿಂದ ಎಂದು ಯೋಚಿಸಬೇಕಾದ್ದೇ ಇರಲಿಲ್ಲ. ಅವನು ಒಳ್ಳೆಯ ಮನುಷ್ಯ. ಅದನ್ನು ಕೈಯಲ್ಲಿ ಹಿಡಿದು ಒಂದು ದಿನದ ದಾರಿ ನಡೆದು ಮೇಲಿನ ಕಟ್ಟೆಗೆ ಹೋದ. ನಿನ್ನ ಕಟ್ಟೆ ಸವೆಯುತ್ತಿದೆ, ನೋಡಿಕೋ ಎಂದ.

ಮೇಲಿನವನು ಗಾರೆಯನ್ನು ನೋಡಲಿಲ್ಲ, ತಂದವನನ್ನು ನೋಡಿದ. ಇದು ನಿನ್ನ ಕೈಗೆ ಹೇಗೆ ಬಂತು ಎಂದು ಕೇಳಿದ. ನೀನೇ ಬಂದು ಕಿತ್ತೆಯೋ ಎಂದ. ಜನ ಸೇರಿದರು. ಪಂಚಾಯ್ತಿ ಆಯಿತು. ಕಟ್ಟೆಗೆ ಕೈ ಹಾಕಿಲ್ಲ ಎಂದು ದೇವರ ಮುಂದೆ ಆಣೆ ಮಾಡಿಸಿದರು. ಆಣೆ ಮಾಡಿದಮೇಲೂ ನಂಬಲಿಲ್ಲ. ಆ ವರ್ಷ ಮೇಲಿನ ತೂಬು ಇಪ್ಪತ್ತು ದಿನ ತಡವಾಗಿ ತೆರೆಯಿತು. ಕೆಳಗಿನ ಊರಿನ ಸಸಿಮಡಿ ಸುಟ್ಟು ಹೋಯಿತು. ಊರಿನವರು ಮೇಲಿನವನನ್ನು ಬಯ್ಯಲಿಲ್ಲ, ಸಣ್ಣೀರಮ್ಮನ ಗಂಡನನ್ನೇ ಬಯ್ದರು. ಇರಲಾರದೆ ಇರುವೆ ಬಿಟ್ಟುಕೊಂಡ ಎಂದರು.

ಸಾಯುವಾಗ ಅವನು ಹೆಂಡತಿಗೆ ನೀರು ಬರುವ ಹೊತ್ತು ಹೇಳಿದ. ಎರಡನೆಯ ಮಾತನ್ನು ಮಾತ್ರ ಬದಲಾಯಿಸಿದ.

"ಮ್ಯಾಲಿನೋರ ತಪ್ಪು ಕೆಳಗಿನೋರ ಕಣ್ಣಿಗೆ ಬೀಳಬಾರ್ದು ಕಣೆ," ಎಂದ. "ಬಿದ್ರೂ ಬಾಯಿಗೆ ಬರಬಾರ್ದು."

ಮಾರನೆಯ ಬೇಸಿಗೆಯಲ್ಲಿ ಸಣ್ಣೀರಮ್ಮನಿಗೆ ನಿಂಬೆಹಣ್ಣಿನಷ್ಟು ಗಾರೆ ಸಿಕ್ಕಿತು. ಅದರ ಮಾರನೆಯ ವರ್ಷ ಮುಷ್ಟಿ ಗಾತ್ರದ್ದು ಎರಡು. ಅವಳ ಊರು ತಗ್ಗಿನಲ್ಲಿತ್ತು, ನಲವತ್ತು ಮನೆ. ಮೇಲಿನ ಕಟ್ಟೆ ಹೋದರೆ ನಡುವಿನದು ತಡೆಯುವುದಿಲ್ಲ, ನಡುವಿನದು ಹೋದರೆ ತನ್ನದು ತಡೆಯುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿದರೆ ಈ ವರ್ಷದ ನೀರು ಹೋಗುತ್ತದೆ, ಅದು ಖಂಡಿತ. ಹೇಳದಿದ್ದರೆ ಊರು ಹೋಗಬಹುದು, ಅದು ಎಂದೋ. ಖಂಡಿತವಾದದ್ದಕ್ಕೆ ಹೆದರಿದಷ್ಟು ಮನುಷ್ಯರು ಎಂದೋ ಆಗುವುದಕ್ಕೆ ಹೆದರುವುದಿಲ್ಲ. ಅವಳು ಗಾರೆಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಒಲೆಯ ಹಿಂದಿನ ಗೂಡಿನಲ್ಲಿ ಇಟ್ಟಳು.

ಆಗ ಆ ಸೀಮೆಗೆ ಹೊಸ ಅಧಿಕಾರಿಯೊಬ್ಬ ಬಂದ. ಒಳ್ಳೆಯವನೇ. ಸ್ವಲ್ಪ ಓದಿದ್ದ, ಆದ್ದರಿಂದ ಸ್ವಲ್ಪ ಆಸೆ ಇತ್ತು. ಹೊಳೆ ಒಂದು, ಕಾಯುವವರು ಮೂವರು, ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಿಳಿದಿಲ್ಲ, ಇದೆಂಥ ಚೆಂದ ಎಂದು ಅವನಿಗೆ ಅನ್ನಿಸಿತು. ಮೃಗಶಿರಾ ಮಳೆ ಹುಟ್ಟುವ ಮುಂಚೆ ಮೂವರೂ ನಡುಕಟ್ಟೆಯ ಮಂಟಪಕ್ಕೆ ಬಂದು ಮೂರು ದಿನ ಕೂರಬೇಕು, ತಮ್ಮ ತಮ್ಮ ತಿಳಿವಳಿಕೆಯನ್ನು ಹಂಚಿಕೊಳ್ಳಬೇಕು, ಹೊಳೆಯನ್ನು ಕೂಡಿ ಕಾಯಬೇಕು ಎಂದು ಹೇಳಿ ಕಳಿಸಿದ.

ಹೇಳಿ ಕಳಿಸಿದ್ದೇ ತಡ, ಮೂವರಿಗೂ ನಿದ್ದೆ ಹೋಯಿತು. ಮೇಲಿನವನು ಯೋಚಿಸಿದ: ಈ ಅಧಿಕಾರಿ ಕೆಲಸದ ಗುಟ್ಟು ತಿಳಿದುಕೊಂಡು ನನ್ನನ್ನು ತೆಗೆದು ತನ್ನ ಭಾವಮೈದನನ್ನು ತಂದು ಕೂರಿಸುತ್ತಾನೆ. ನಡುವಿನವನಿಗೆ ತನ್ನ ಮೇಲೆ ಯಾರೋ ಚಾಡಿ ಹೇಳಿದ್ದಾರೆ ಎನ್ನಿಸಿತು. ಯಾರು ಎಂದು ಊರಿನ ಒಬ್ಬೊಬ್ಬರ ಮುಖವನ್ನೂ ನೆನೆದು ನೋಡಿದ, ಎಲ್ಲರೂ ಹೇಳಿರಬಹುದು ಎಂದು ಕಂಡಿತು. ಸಣ್ಣೀರಮ್ಮ ಇದು ಹೆಂಗಸಿನ ಕೈಯಿಂದ ಗುದ್ದಲಿ ಕಿತ್ತುಕೊಳ್ಳುವ ಉಪಾಯವೇ ಸರಿ ಎಂದುಕೊಂಡಳು.

ಆದರೂ ಬಂದರು. ಬರದಿದ್ದರೆ ಬಂದವರಿಬ್ಬರು ತನ್ನ ಬಗ್ಗೆ ಏನು ಮಾತಾಡಿಕೊಳ್ಳುತ್ತಾರೋ ಎಂಬ ಭಯ.

ಒಬ್ಬೊಬ್ಬರೂ ಸೋರೆಬುರುಡೆಯಲ್ಲಿ ಕುಡಿಯುವ ನೀರು ತಂದಿದ್ದರು. ಅಧಿಕಾರಿ ಮಂಟಪದಲ್ಲಿ ದೊಡ್ಡ ಹರವಿ ತುಂಬಿಸಿ ಇಟ್ಟಿದ್ದ. ಅದನ್ನು ಯಾರೂ ಮುಟ್ಟಲಿಲ್ಲ. ಹರವಿಯಲ್ಲಿದ್ದದ್ದೂ ಮೂರು ಬುರುಡೆಯಲ್ಲಿದ್ದದ್ದೂ ಒಂದೇ ಹೊಳೆಯ ನೀರು.

ಈ ನೀರುಗಂಟಿಗಳಲ್ಲಿ ಒಂದು ಕಟ್ಟಳೆ ಇದೆ. ಮೇಲಿನ ಗದ್ದೆ ತುಂಬದೆ ಕೆಳಗಿನ ಗದ್ದೆಗೆ ನೀರು ತಿರುಗಿಸುವಂತಿಲ್ಲ. ಮೇಲಿನ ಗದ್ದೆಯವನು 'ತುಂಬಿತು' ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದಮೇಲೇ ಬದುವಿನ ಮಡೆ ಒಡೆದು ಕೆಳಕ್ಕೆ ನೀರು ಬಿಡುವುದು. ಸೇರಿ ಕೂತಾಗ ಮಾತಿಗೂ ಇದೇ ಕಟ್ಟಳೆ ಎಂದು ಮೂವರೂ ಹಿಡಿದರು. ಮೇಲಿನ ಕಟ್ಟೆಯವನು ಮೊದಲು ಮಾತಾಡಬೇಕು, ಆಡಿ ಮುಗಿಸಿ 'ತುಂಬಿತು' ಎನ್ನಬೇಕು. ಆಮೇಲೆ ನಡುವಿನವನು. ಕೊನೆಗೆ ಕೆಳಗಿನವನು. ಅಧಿಕಾರಿಗೆ ಇದು ತಿಳಿದು ಬಹಳ ಮೆಚ್ಚಿಕೊಂಡ. ಎಂಥ ಶಿಸ್ತು ಎಂದ. ಶಿಸ್ತು ಕಂಡಲ್ಲೆಲ್ಲ ಮೆಚ್ಚಿಕೊಳ್ಳುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ.

ಮೊದಲ ದಿನ ಮೇಲಿನವನು ತನ್ನ ಅಜ್ಜನ ವಿಷಯ ಮಾತಾಡಿದ. ಅಜ್ಜ ಒಮ್ಮೆ ತೂಬಿನ ಹಲಗೆಯನ್ನು ಒಂದೇ ಕೈಯಲ್ಲಿ ಎತ್ತಿದ್ದನಂತೆ. ಊಟದ ಹೊತ್ತಾಯಿತು. ಊಟವಾದಮೇಲೆ ಅಜ್ಜನ ಅಪ್ಪನ ವಿಷಯ ಮಾತಾಡಿದ. ಸಂಜೆಯಾಯಿತು. 'ತುಂಬಿತು' ಎನ್ನಲಿಲ್ಲ.

ಎರಡನೆಯ ದಿನ ಸುಮ್ಮನೆ ಕೂತ. ಯೋಚಿಸುತ್ತಿದ್ದೇನೆ ಎಂದ. ಅವನ ಕಣ್ಣು ಸಣ್ಣೀರಮ್ಮನ ಮಡಿಲಿನಲ್ಲಿತ್ತು. ಅಲ್ಲೊಂದು ಬಟ್ಟೆಯ ಗಂಟು ಇತ್ತು.

ಹೌದು, ಅವಳು ಗಾರೆಯನ್ನು ತಂದಿದ್ದಳು. ಆ ವರ್ಷ ಸಿಕ್ಕಿದ್ದು ತೆಂಗಿನಕಾಯಿ ಗಾತ್ರದ್ದು. ಅದನ್ನು ನೋಡಿದಮೇಲೆ ಗಂಡನ ಮಾತನ್ನೂ ಮೀರಬೇಕು ಎಂದು ನಿರ್ಧಾರ ಮಾಡಿಕೊಂಡೇ ಹೊರಟಿದ್ದಳು. ದೊಡ್ಡವರೊಬ್ಬರು ಎದುರಿಗೆ ಕೂತಿರುತ್ತಾರೆ, ಮೂರನೆಯವನೂ ಇರುತ್ತಾನೆ, ಇಲ್ಲಿ ಹೇಳಿದರೆ ಕಳ್ಳಿ ಎನ್ನಲಾರರು ಎಂದು ಲೆಕ್ಕ ಹಾಕಿದ್ದಳು. ಆದರೆ ಸರದಿ ಬರಬೇಕಲ್ಲ. ಎರಡು ದಿನ ಗಂಟನ್ನು ಮಡಿಲಿನಲ್ಲಿಟ್ಟುಕೊಂಡು ಕೂತಳು. ಎರಡು ದಿನ ಕೂತ ಧೈರ್ಯ ಹುಳಿಯಾಗುತ್ತದೆ.

ಈಗ ನಿನಗೆ ಒಂದು ವಿಷಯ ಹೇಳಬೇಕು. ಆ ಮಂಟಪದಲ್ಲಿದ್ದ ಯಾರಿಗೂ ಅದನ್ನು ಯಾರೂ ಹೇಳಲಿಲ್ಲ.

ಮೇಲಿನವನಿಗೆ ತನ್ನ ಕಟ್ಟೆಯ ಸ್ಥಿತಿ ಗೊತ್ತಿತ್ತು. ಮೂರು ವರ್ಷದಿಂದ ಗೊತ್ತಿತ್ತು. ಕಟ್ಟೆಯ ಬುಡದಲ್ಲಿ, ಬೇಸಿಗೆಯಲ್ಲಿ ಬಿರುಕು ಬಿಡಬೇಕಾದ ನೆಲದಲ್ಲಿ, ಜೊಂಡು ಚಿಗುರಿತ್ತು. ಜೊಂಡು ಚಿಗುರಿದರೆ ಕೆಳಗೆ ನೀರು ಜಿನುಗುತ್ತಿದೆ ಎಂದು ಎಂಥ ನೀರುಗಂಟಿಗೂ ಗೊತ್ತು. ಅವನು ಊರವರು ಏಳುವ ಮುಂಚೆ ಹೋಗಿ ಜೊಂಡು ಕಿತ್ತುಹಾಕುತ್ತಿದ್ದ. ಜಿನುಗುವ ಕಡೆಗೆ ಜೇಡಿಮಣ್ಣು, ಹುಲ್ಲು ತುರುಕುತ್ತಿದ್ದ. ಗಾರೆ ತಂದವನ ಮೇಲೆ ಕಳ್ಳತನ ಹೊರಿಸಿದಾಗ ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ಆಮೇಲೆ ಗೊತ್ತಾದದ್ದನ್ನು ಹೇಳುವುದು ಹೇಗೆ? ಹೇಳಿದರೆ ಆಣೆ ಮಾಡಿಸಿದ್ದು ತಪ್ಪಾಗುತ್ತದೆ. ಕಟ್ಟೆ ಬಿಚ್ಚಿ ಕಟ್ಟಬೇಕು, ಒಂದು ವರ್ಷ ಊರಿಗೆ ನೀರಿಲ್ಲ, ಊರು ತನ್ನನ್ನು ಉಳಿಸುವುದಿಲ್ಲ. ಅವನ ಮನೆ ಇದ್ದದ್ದು ಆ ಕಟ್ಟೆಯ ಬುಡದಲ್ಲೇ. ಹೆಂಡತಿ ಅಲ್ಲೇ ಅಡಿಗೆ ಮಾಡುತ್ತಿದ್ದಳು.

ನಡುವಿನವನಿಗೂ ಗೊತ್ತಿತ್ತು. ಮೇಲಿನ ತೂಬು ಮುಚ್ಚಿದ್ದಾಗಲೂ ಅವನ ಮಡುವಿನಲ್ಲಿ ಮೊಳಕಾಲುದ್ದ ನೀರು ನಿಲ್ಲುತ್ತಿತ್ತು. ಅದರಲ್ಲಿ ಅವನು ಬೇಸಿಗೆ ಪೈರು ತೆಗೆಯುತ್ತಿದ್ದ. ಕೇಳಿದವರಿಗೆ ಊಟೆ ಸಿಕ್ಕಿದೆ, ನೆಲದಿಂದ ಉಕ್ಕುತ್ತದೆ ಎಂದು ಹೇಳುತ್ತಿದ್ದ. ಆ ಊಟೆ ಎಲ್ಲಿಯದು ಎಂದು ಅವನಿಗೆ ತಿಳಿಯದೆ ಇರಲಿಲ್ಲ. ಮೇಲಿನ ಕಟ್ಟೆ ಸರಿಯಾದರೆ ಅವನ ಬೇಸಿಗೆ ಪೈರು ಹೋಗುತ್ತದೆ.

ತಿಳಿವಳಿಕೆ ಹಂಚಿಕೊಳ್ಳಲು ಕೂತಿದ್ದ ಮೂವರಿಗೂ ತಿಳಿದಿದ್ದದ್ದು ಒಂದೇ ವಿಷಯ. ಮೂವರೂ ಅದನ್ನೇ ಮಿಕ್ಕಿಬ್ಬರಿಂದ ಮುಚ್ಚಿಡುತ್ತಿದ್ದರು.

ಮೂರನೆಯ ದಿನ ಅಧಿಕಾರಿಯ ತಾಳ್ಮೆ ಸಡಿಲವಾಯಿತು. ಅವನು ಒತ್ತಾಯ ಮಾಡಿದಮೇಲೆ ಮೇಲಿನವನು ತನ್ನ ಕಟ್ಟೆ ಗಟ್ಟಿಯಾಗಿದೆ ಎಂದ. ಗಟ್ಟಿಯಾಗಿದೆಯೇ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಎರಡು ಸಲ ಹೇಳಿದ. ಆಮೇಲೆ 'ತುಂಬಿತು' ಎಂದ. ನಡುವಿನವನು ಎದ್ದು ಎಲ್ಲ ಮೇಲಿನವರ ದಯೆ, ಹೊಳೆತಾಯಿಯ ಕೃಪೆ ಎಂದು ಕೈಮುಗಿದು, ಕೂರುವ ಮುಂಚೆಯೇ 'ತುಂಬಿತು' ಎಂದುಬಿಟ್ಟ.

ಸರದಿ ಸಣ್ಣೀರಮ್ಮನಿಗೆ ಬಂತು. ಮೂವರೂ ಅವಳ ಮಡಿಲು ನೋಡಿದರು. ಅವಳು ಗಂಟಿನ ಮೇಲೆ ಕೈ ಇಟ್ಟಳು. ಮೇಲಿನವನೇ ಮೊದಲು ಕೇಳಿದ.

"ಏನವ್ವ, ಮಡ್ಲಲ್ಲಿ ಏನಿಟ್ಕಂಡಿದ್ದೀಯ?"

ಕೇಳುವಾಗ ಅವನು ಕೈ ಮುಂದೆ ಚಾಚಿದ್ದ. ಅವಳು ಆ ಕೈಯನ್ನು ನೋಡಿದಳು. ಉಗುರಿನ ಸಂದಿಯಲ್ಲೆಲ್ಲ ಬೂದುಬಣ್ಣದ ಜೇಡಿ ಕೂತಿತ್ತು. ಬೇಸಿಗೆಯಲ್ಲಿ ನೀರುಗಂಟಿಯ ಕೈಗೆ ಹಸಿ ಜೇಡಿ ಹತ್ತುವುದು ಒಂದೇ ಕೆಲಸದಿಂದ. ಬಾಯಿ ತೆರೆದವಳು ನಿಲ್ಲಿಸಿದಳು. ಓ, ಇವನಿಗೆ ಗೊತ್ತಿದೆ ಎಂದುಕೊಂಡಳು. ಗೊತ್ತಿದ್ದವನಿಗೆ ನಾನು ಯಾಕೆ ಹೇಳಬೇಕು? ಅವನ ಮನೆ ಅಲ್ಲೇ ಇದೆ, ಹೆಂಡತಿ ಅಲ್ಲೇ ಇದ್ದಾಳೆ, ಸರಿಮಾಡಿಕೊಳ್ಳದೆ ಇರುತ್ತಾನೆಯೇ? ನಾನು ಹೇಳಿದರೆ ನಾಲ್ಕು ಜನರ ಮುಂದೆ ಅವನ ಮಾನ ಹೋಗುತ್ತದೆ, ನನ್ನ ಊರಿನ ನೀರು ಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ರೊಟ್ಟಿ ಕಣಣ್ಣ," ಎಂದಳು. "ದಾರಿಗೆ ಅಂತ ಕಟ್ಕಂಡು ಬಂದೆ."

ಮೇಲಿನವನು ಉಸಿರು ಬಿಟ್ಟ. ಇವಳಿಗೆ ಗೊತ್ತಿಲ್ಲ ಎಂದುಕೊಂಡ. ಆ ಹೊತ್ತಿನಲ್ಲಿ ಅವನ ಎದೆಯಲ್ಲಿ ಸ್ವಲ್ಪ ಬೇಸರವೂ ಆಯಿತಂತೆ. ಅವಳು ಗಂಟು ಬಿಚ್ಚಿಬಿಟ್ಟಿದ್ದರೆ ಮೂರು ವರ್ಷದ ಭಾರ ಇಳಿಯುತ್ತಿತ್ತೇನೋ. ಆದರೆ ಬಿಚ್ಚು ಎಂದು ಅವನು ಹೇಳಲಿಲ್ಲ. ನಡುವಿನವನು ಇಬ್ಬರಿಗೂ ಗೊತ್ತಿಲ್ಲ, ಬದುಕಿದೆ ಎಂದುಕೊಂಡು ಎಲೆಅಡಿಕೆ ಹಾಕಿಕೊಂಡ. ಸಣ್ಣೀರಮ್ಮ 'ತುಂಬಿತು' ಎಂದಳು.

ಅಧಿಕಾರಿ ಮೂವರಿಗೂ ಶಾಲು ಹೊದಿಸಿದ. ಸಭೆ ಸಾಂಗವಾಗಿ ನಡೆಯಿತು, ಒಂದು ಒಡಕು ಮಾತೂ ಬರಲಿಲ್ಲ, ಇನ್ನು ಪ್ರತಿವರ್ಷ ಸೇರೋಣ ಎಂದ. ಹರವಿಯ ನೀರನ್ನು ಗಿಡಕ್ಕೆ ಹಾಕಿಸಿದ.

ಊರಿಗೆ ಮರಳಿದಮೇಲೆ ಸಣ್ಣೀರಮ್ಮ ದಿನವೂ ಮೇಲಿನಿಂದ ಸುದ್ದಿ ಬರುತ್ತದೆ ಎಂದು ಕಾದಳು. ಕಟ್ಟೆ ಬಿಚ್ಚಿದರಂತೆ, ಗಾರೆ ಅರೆಯುತ್ತಿದ್ದಾರಂತೆ ಎಂಬ ಸುದ್ದಿ. ಬರಲಿಲ್ಲ. ಆರಿದ್ರಾ ಮಳೆ ಹೋಯಿತು, ಪುಷ್ಯ ಹೋಯಿತು. ಮೇಲಿನವನು ಜೇಡಿ ತುರುಕುತ್ತಲೇ ಇದ್ದ.

ಆಶ್ಲೇಷದ ಮಳೆ ಎರಡು ದಿನ ಬಿಡದೆ ಹೊಡೆಯಿತು. ಮೂರನೆಯ ದಿನ ಬೆಳಿಗ್ಗೆ, ಜನ ಮುಖ ತೊಳೆಯುವ ಹೊತ್ತಿನಲ್ಲಿ, ಮೇಲಿನ ಕಟ್ಟೆ ಹೋಯಿತು. ನಡುವಿನದು ಅದರ ಜೊತೆಗೇ ಹೋಯಿತು. ನೀರಿನ ಬಣ್ಣ ಬದಲಾದದ್ದನ್ನು ಸಣ್ಣೀರಮ್ಮ ಕಂಡಳು. ಏರಿಯ ಮೇಲೆ ನಿಂತು ತಮಟೆ ಬಡಿಸಿದಳು. ಜನ ಊರ ಪಕ್ಕದ ಬಂಡೆ ಹತ್ತಿದರು. ಹತ್ತಲಾರದವರು ಏಳು ಜನ ಇದ್ದರು, ಆರು ಜನ ಮುದುಕರು, ಒಬ್ಬಳು ಬಾಣಂತಿ. ನಲವತ್ತು ಮನೆಯಲ್ಲಿ ಒಂಬತ್ತು ನಿಂತವು. ಕೆಳಗಿನ ಕಟ್ಟೆಯಲ್ಲಿ ಒಂದು ತುದಿ ಮಾತ್ರ ಉಳಿಯಿತು, ತೂಬು ಇದ್ದ ತುದಿ.

ನೀರಿಳಿದಾಗ ಆ ತೂಬಿನ ಬಾಯಿಯಲ್ಲಿ, ಮರದ ಕೊಂಬೆಗಳ ನಡುವೆ, ಮೇಲಿನ ಕಟ್ಟೆಯ ನೀರುಗಂಟಿ ಸಿಕ್ಕಿಕೊಂಡಿದ್ದ. ಜೀವ ಇತ್ತು. ಸಣ್ಣೀರಮ್ಮನೇ ಎಳೆದು ಏರಿಯ ಮೇಲೆ ಮಲಗಿಸಿದಳು. ಬಾಯಿಗೆ ನೀರು ಬಿಟ್ಟಳು, ಕುಡಿದ. ಹೆಂಡತಿ ಎಲ್ಲಿ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಬಹಳ ಹೊತ್ತಿನಮೇಲೆ ಅವನು ಕಣ್ಣು ಬಿಟ್ಟು ಕೇಳಿದ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣಣ್ಣ. ನಿಂಗೆ?"

"ನಂಗೂ."

ಇಷ್ಟೇ. ಆ ಹೊಳೆಯ ಮೇಲೆ ನೀರುಗಂಟಿಗಳು ತಮ್ಮ ತಿಳಿವಳಿಕೆಯನ್ನು ಹಂಚಿಕೊಂಡದ್ದು ಅದೇ ಮೊದಲು. ಆಗ ಕಾಯಲು ಕಟ್ಟೆಯೇ ಇರಲಿಲ್ಲ.

ಅಧಿಕಾರಿ ಬಂದು ನೋಡಿ ಹೋದ. ಮಳೆ ಹೆಚ್ಚಾಯಿತು ಎಂದು ತನ್ನ ಮೇಲಿನವರಿಗೆ ಬರೆದ. ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿತ್ತೋ ಏನೋ, ಯಾರು ಬಲ್ಲರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಕೆಂಪಾಗಿತ್ತು. ಅವನಿಗೆ ಸಿಟ್ಟು ಬಂದಿತ್ತು. ಮೇಲಿನವನದು ಹೋಗಲಿ, ಅವನಿಗೆ ಮಾನದ ಭಯ; ನಡುವಿನವನಿಗೆ ಪೈರಿನ ಆಸೆ; ಆದರೆ ಆ ಹೆಂಗಸಿಗೆ ಏನಾಗಿತ್ತು ಎಂದು ಕೇಳಿದ. ಗಾರೆ ಮಡಿಲಲ್ಲೇ ಇತ್ತು, ಸರದಿ ಬಂದಿತ್ತು, ಕೇಳಿಯೂ ಕೇಳಿದರು. ಗೊತ್ತಿದ್ದವನಿಗೂ ಹೇಳಬೇಕಾಗಿತ್ತು. ಗೊತ್ತಿದೆ ಎಂಬುದು ನನಗೂ ಗೊತ್ತಿದೆ ಎಂದಾದರೂ ಹೇಳಬೇಕಾಗಿತ್ತು. ಒಂದು ಮಾತಿನಲ್ಲಿ ಏಳು ಜೀವ ಉಳಿಯುತ್ತಿತ್ತು.

"ನೀನಾಗಿದ್ದರೆ?" ಎಂದು ಗುರುಗಳು ಕೇಳಿದರು.

"ನಾನಾಗಿದ್ದರೆ ಗಂಟು ಬಿಚ್ಚಿ ಎದುರಿಗೆ ಇಡುತ್ತಿದ್ದೆ. ಮೇಲೆ ಕೂತವರು ಯಾರೇ ಆಗಿರಲಿ."

ಗುರುಗಳು ಸ್ವಲ್ಪ ಮುಂದಕ್ಕೆ ಬಾಗಿದರು.

"ಹಾಗಾದರೆ ಹೇಳಪ್ಪ, ನನ್ನ ಕಟ್ಟೆಯಲ್ಲಿ ಯಾವ ಕಲ್ಲು ಸಡಿಲವಾಗಿದೆ?"

ಶಿಷ್ಯ ನೆಲ ನೋಡಿದ.